ಎರಡು ಸಾವಿರದ ಸ್ಕೋಪಿನೊಳಗೆ ಏನಿರುತ್ತೆ?

"ಸಾರ್, ಗ್ಲಾಸ್ ಚೆನ್ನಾಗಿದೆ. ಎಲ್ಲಾ ಕ್ಲಿಯರ್ ಆಗಿ ಕಾಣ್ಸುತ್ತೆ. ಗುರಿ ಮಾತ್ರ ನಿಲ್ತಿಲ್ಲ." ತುಮಕೂರಿನ ನನ್ನ ಅಂಗಡಿಗೆ ಏರ್‌ಗನ್ ಸ್ಕೋಪ್, ಅಂದರೆ ಗನ್ನಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ತರುವವರು ಹೆಚ್ಚಾಗಿ ಹೇಳುವುದು ಇದೇ ಮಾತು. ಅವರು ಹೇಳುವುದು ಸುಳ್ಳೇನಲ್ಲ. ಗಾಜು ಅಂಥ ಕೆಟ್ಟದಾಗೇನೂ ಇರುವುದಿಲ್ಲ. ಅದಕ್ಕೇ ಮೋಸ ಹೋಗಿರುತ್ತಾರೆ.

ನನ್ನ ಕಸುಬು ಗಾಜಿನ ಉಪಕರಣಗಳ ರಿಪೇರಿ. ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪು, ಕಂಟ್ರಾಕ್ಟರುಗಳ ಆಟೋ ಲೆವೆಲ್ಲು, ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋಗುವವರ ಬೈನಾಕ್ಯುಲರು. ಈಗೀಗ ಇವುಗಳ ಜೊತೆ ಸ್ಕೋಪುಗಳೂ ಬರುತ್ತಿವೆ. ತಿಪಟೂರು, ಗುಬ್ಬಿ ಕಡೆಯ ತೋಟದವರು ತರುತ್ತಾರೆ. ತಾರಸಿ ಮೇಲೆ ಡಬ್ಬ ಸಾಲಾಗಿ ಇಟ್ಟು ಗುರಿ ಕಲಿಯುವ ಹುಡುಗರೂ ತರುತ್ತಾರೆ. ಎಲ್ಲರ ಪ್ರಶ್ನೆ ಒಂದೇ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ಸ್ಕೋಪ್ ಸಾಕಾ, ಇಲ್ಲ ಹತ್ತು ಹದಿನೈದು ಸಾವಿರ ಹಾಕಲೇಬೇಕಾ? ದೊಡ್ಡ ಕಂಪನಿಯ ಹೆಸರೇ ಇರುವ ಸ್ಕೋಪು ಎರಡೂವರೆ ಸಾವಿರಕ್ಕೆ ಸಿಕ್ಕರೆ ಯಾಕೆ ಬಿಡಬೇಕು?

ನನ್ನ ಉತ್ತರ ಇಷ್ಟೇ. ಅಗ್ಗದ್ದು ತಗೊಳ್ಳಿ, ಪರವಾಗಿಲ್ಲ. ನಕಲಿ ಮಾತ್ರ ತಗೋಬೇಡಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. 0.177 ಇಂಚಿನ ನಳಿಗೆಯ, 20 ಜೂಲ್ ಒಳಗಿನ ಶಕ್ತಿಯ ಏರ್‌ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ತೋಟಕ್ಕೆ ಬಂದ ಹಕ್ಕಿ, ಮೊಲದ ಮೇಲೆ ಹಾರಿಸುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಾನಿಲ್ಲಿ ಮಾತಾಡುತ್ತಿರುವುದು ಡಬ್ಬ ಮತ್ತು ಕಾಗದದ ಗುರಿಯ ಬಗ್ಗೆ.

ಈಗ ಸ್ಕೋಪ್ ಬಿಚ್ಚೋಣ. ಹೊರಗೆ ಕಾಣುವುದು ಒಂದು ಇಂಚಿನ, ಅಂದರೆ 25.4 ಮಿ.ಮೀ.ನ ಅಲ್ಯೂಮಿನಿಯಂ ಕೊಳವೆ. ಅದರೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಮುಂದಿನ ಗಾಜು ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಅದನ್ನು ನೆಟ್ಟಗೆ ಮಾಡುವ ಗಾಜುಗಳು ಈ ಒಳಕೊಳವೆಯಲ್ಲಿ ಇರುತ್ತವೆ. ಇದರ ಹಿಂಬದಿ ಒಂದು ಕಡೆ ಕೂತಿರುತ್ತದೆ, ಮುಂಬದಿ ಅಲ್ಲಾಡುತ್ತದೆ. ಮೇಲಿನ ತಿರುಪು ಅದನ್ನು ಕೆಳಕ್ಕೆ ಒತ್ತುತ್ತದೆ, ಪಕ್ಕದ ತಿರುಪು ಅಡ್ಡಕ್ಕೆ ಒತ್ತುತ್ತದೆ. ಎದುರುಗಡೆಯಿಂದ ಒಂದು ಸ್ಪ್ರಿಂಗು ವಾಪಸ್ ತಳ್ಳುತ್ತಿರುತ್ತದೆ. ನೀವು ಝೀರೋ ಮಾಡುವುದು, ಅಂದರೆ ಸ್ಕೋಪಿನೊಳಗೆ ಕಾಣುವ ಅಡ್ಡಗೆರೆಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸುವುದು ಎಂದರೆ, ಈ ಮೂರರ ಹಗ್ಗಜಗ್ಗಾಟವನ್ನು ಒಂದು ಜಾಗದಲ್ಲಿ ನಿಲ್ಲಿಸುವುದು.

ಆ ಜಾಗ ಎಷ್ಟು ಸೂಕ್ಷ್ಮ ಗೊತ್ತಾ? ಮುಂದಿನ ಗಾಜಿನ ಫೋಕಲ್ ದೂರ 150 ಮಿ.ಮೀ. ಅಂದುಕೊಳ್ಳಿ. ಒಳಕೊಳವೆಯ ಮುಂತುದಿ 0.1 ಮಿ.ಮೀ. ಸರಿದರೆ 25 ಮೀಟರ್ ದೂರದಲ್ಲಿ ಗುರಿ ಸುಮಾರು 17 ಮಿ.ಮೀ. ಸರಿಯುತ್ತದೆ. 0.1 ಮಿ.ಮೀ. ಅಂದರೆ ಹೆಚ್ಚುಕಮ್ಮಿ ಒಂದು ತಲೆಕೂದಲು. ಸ್ಪ್ರಿಂಗು ಅಷ್ಟು ಸೋತರೂ ಸಾಕು, ಡಬ್ಬದ ನಡುವೆ ಬೀಳಬೇಕಾದ ಪೆಲೆಟ್ (ಗನ್ನಿನ ಸಣ್ಣ ಗುಂಡು) ಅಂಚಿಗೆ ಹೋಗುತ್ತದೆ. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ನಮ್ಮದು. ಸಣ್ಣ ಸ್ಪ್ರಿಂಗು, ಸಣ್ಣ ಸ್ಕ್ರೂವಿನ ಬೆಲೆ ಏನು ಅಂತ ಇಲ್ಲಿಯ ಹಳಬರಿಗೆ ನಾನು ಹೇಳಬೇಕಾಗಿಲ್ಲ.

ಈಚೆಗೆ ಗುಬ್ಬಿ ಕಡೆಯ ಯಜಮಾನರೊಬ್ಬರು 3-9×40 ಸ್ಕೋಪ್ ತಂದಿದ್ದರು. ಅಂದರೆ ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 40 ಮಿ.ಮೀ. ಇರುವಂಥದ್ದು. ಮೇಲೆ ಅಮೆರಿಕದ ಕಂಪನಿಯ ಹೆಸರು, ಬಂಗಾರದ ಬಣ್ಣದ ಉಂಗುರ. ಸ್ಟ್ಯಾಂಡಿಗೆ ಕಟ್ಟಿ, ಎದುರಿನ ಗೋಡೆಯ ಗುರುತಿಗೆ ಹಿಡಿದು, ಮೇಲಿನ ತಿರುಪನ್ನು ಇಪ್ಪತ್ತು ಕ್ಲಿಕ್ ತಿರುಗಿಸಿದೆ. ಅಡ್ಡಗೆರೆ ಅಲ್ಲಾಡಲೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಟಕ್ ಅಂತ ಪಕ್ಕಕ್ಕೆ ಹಾರಿತು! ಬಿಚ್ಚಿ ನೋಡಿದರೆ ಸ್ಪ್ರಿಂಗಿನ ಜಾಗದಲ್ಲಿ ತೆಳ್ಳನೆಯ ತಗಡಿನ ಪಟ್ಟಿ. ಒಂದು ತುದಿ ಅಂಟಿನಲ್ಲಿ ಹೂತಿದೆ, ಇನ್ನೊಂದು ತುದಿ ಸೊಟ್ಟಗಾಗಿದೆ. ಮುಂದಿನ ಗಾಜನ್ನು ಹಿಡಿದಿಡುವ, ತಿರುಗಿಸಿ ಕೂರಿಸುವ ಬಳೆ ಪೂರ್ತಿ ಕೂತೇ ಇರಲಿಲ್ಲ. ಮೂರು ಕಡೆ ಅಂಟಿನ ಹನಿ ಹಾಕಿದ್ದರು, ಅದರಲ್ಲಿ ಎರಡು ಬಿಟ್ಟುಕೊಂಡಿದ್ದವು. ಕೊಳವೆ ಅಲ್ಲಾಡಿಸಿದರೆ ಗಾಜು ಲೊಟಲೊಟ ಅನ್ನುತ್ತಿತ್ತು.

"ಯಜಮಾನ್ರೇ, ಇದನ್ನ ರಿಪೇರಿ ಮಾಡೋ ದುಡ್ಡಲ್ಲಿ ಇನ್ನೊಂದು ಬರುತ್ತೆ" ಅಂದೆ.

"ಗನ್ನೇ ಕೆಟ್ಟೈತೇನೋ ಅಂತ ಎರಡು ಡಬ್ಬಿ ಪೆಲೆಟ್ ಖಾಲಿ ಮಾಡಿದ್ನಲ್ಲಪ್ಪ" ಅಂದರು.

ನಕಲಿ ಸ್ಕೋಪಿನ ನಿಜವಾದ ಖರ್ಚು ಇದೇ. ಪೆಲೆಟ್ ಬದಲಾಯಿಸುತ್ತೀರಿ, ಬ್ಯಾರಲ್ ಒರೆಸುತ್ತೀರಿ, ಕೊನೆಗೆ ಕೈ ನಡುಗುತ್ತಿದೆಯೇನೋ ಅಂತ ನಿಮ್ಮ ಮೇಲೇ ಅನುಮಾನ ಪಡುತ್ತೀರಿ. ಕಳ್ಳ ಒಳಗೇ ಕೂತಿರುತ್ತಾನೆ.

ಏರ್‌ಗನ್ನಿನ ಒದೆತ ಕಡಿಮೆ, ಅದಕ್ಕೆ ಎಂಥ ಸ್ಕೋಪಾದರೂ ನಡೆಯುತ್ತೆ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಬ್ಯಾರಲ್ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಗನ್ನಿನ ವಿಷಯದಲ್ಲಿ ಇದು ಪೂರಾ ಉಲ್ಟಾ. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ನು ಹಿಂದಕ್ಕೆ ಬರುತ್ತದೆ. ಮರುಕ್ಷಣವೇ ಪಿಸ್ಟನ್ ಗಾಳಿಯ ಒತ್ತಡಕ್ಕೆ ಸಿಕ್ಕಿ ಗಕ್ಕನೆ ನಿಲ್ಲುತ್ತದೆ, ಗನ್ನು ಮುಂದಕ್ಕೆ ಎಗರುತ್ತದೆ. ಹೀಗೆ ಒಂದೇ ಹೊಡೆತಕ್ಕೆ ಎರಡು ದಿಕ್ಕಿನ ಝಟಕಾ. ಮದ್ದಿನ ರೈಫಲ್ಲಿನಲ್ಲಿ ಸ್ಕೋಪಿಗೆ ಬೀಳುವ ದೊಡ್ಡ ಪೆಟ್ಟು ಒಂದೇ ದಿಕ್ಕಿನದು. ಅದನ್ನೇ ಲೆಕ್ಕ ಹಾಕಿ ಮಾಡಿದ ಒಳ್ಳೆಯ ಸ್ಕೋಪುಗಳೂ ಸ್ಪ್ರಿಂಗ್ ಗನ್ನಿನ ಮೇಲೆ ಕೆಟ್ಟಿದ್ದುಂಟು. ಹಾಗಾಗಿ ಸ್ಕೋಪಿನ ಡಬ್ಬದ ಮೇಲೆ ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಗಾಳಿ ತುಂಬಿಸುವ ಸಿಲಿಂಡರ್ ಇರುವ ಪಿಸಿಪಿ ಗನ್ನಿನಲ್ಲಿ ಈ ಕಾಟ ಇಲ್ಲ. ಅದರ ಮೇಲೆ ಸಾಧಾರಣ ಸ್ಕೋಪೂ ವರ್ಷಗಟ್ಟಲೆ ಬಾಳುತ್ತದೆ.

ಇನ್ನು ಗಾಜು. ಲೇಪನ ಇಲ್ಲದ ಗಾಜಿನ ಪ್ರತಿ ಮೈಯಲ್ಲೂ ಶೇ 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ಸ್ಕೋಪಿನಲ್ಲಿ ಇಂಥ ಮೈಗಳು ಹನ್ನೆರಡು ಇದ್ದರೆ ಕಣ್ಣಿಗೆ ಬರುವುದು ಸುಮಾರು ಶೇ 61. ಒಳ್ಳೆಯ ಬಹುಪದರ ಲೇಪನವಿದ್ದರೆ ಶೇ 94ರವರೆಗೆ ಬರುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನಕ್ಕೆ ಪೇಟೆಂಟ್ ಪಡೆದರು. ಈಗ ಇದು ಹಳೇ ವಿದ್ಯೆ, ಅಗ್ಗದ ಗಾಜಿನಲ್ಲೂ ಒಂದು ಪದರವಾದರೂ ಇರುತ್ತದೆ. ಮಟಮಟ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತು ನೋಡಿದರೆ ಎರಡು ಸಾವಿರದ್ದೂ ಇಪ್ಪತ್ತು ಸಾವಿರದ್ದೂ ಒಂದೇ ಥರ ಕಾಣುವುದು ಇದಕ್ಕೇ. ವ್ಯತ್ಯಾಸ ಗೊತ್ತಾಗಬೇಕಾದರೆ ಸಂಜೆ ಆರೂವರೆಗೆ ನೋಡಿ. ಇಲ್ಲವೇ ಸೂರ್ಯ ಎದುರಿಗೆ ಓರೆಯಾಗಿ ಇರುವಾಗ ನೋಡಿ. ನಕಲಿಯಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಸುಕಾಗುತ್ತದೆ. ಮಾಣಿಕ್ಯದ ಥರ ಕೆಂಪಗೆ ಹೊಳೆಯುವ ಗಾಜಿಗೆ ಮರುಳಾಗಬೇಡಿ. ಅದು ಕೆಂಪು ಬೆಳಕನ್ನು ಹೊರಗೇ ತಳ್ಳುತ್ತದೆ. ಒಳಗೆ ಎಲ್ಲವೂ ನೀಲಿ ಹಸಿರಾಗಿ ಕಾಣುತ್ತದೆ.

ಬೆಲೆ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ನಾನು ಹೇಳುವುದಿಲ್ಲ. ದೊಡ್ಡ ರೈಫಲ್ ಸ್ಕೋಪುಗಳಲ್ಲಿ ಪ್ಯಾರಲಾಕ್ಸನ್ನು, ಅಂದರೆ ಕಣ್ಣು ಸರಿದರೂ ಅಡ್ಡಗೆರೆ ಗುರಿಯಿಂದ ಸರಿಯದ ದೂರವನ್ನು, ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ ತಂದು 15 ಮೀಟರಿನ ಡಬ್ಬಕ್ಕೆ ಹಿಡಿದರೆ, ಕಣ್ಣು ಸ್ವಲ್ಪ ಸರಿದಾಗ ಅಡ್ಡಗೆರೆ ಗುರಿಯ ಮೇಲೆ ತೇಲಾಡುತ್ತದೆ. 40 ಮಿ.ಮೀ. ಗಾಜಿನ ಸ್ಕೋಪಿನಲ್ಲಿ ಕಣ್ಣು ಅಂಚಿಗೆ ಹೋದರೆ ಒಂದೂವರೆ ಸೆಂಟಿಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ನಮ್ಮ ತಾರಸಿಯ ದೂರಕ್ಕೆ, ಲಕ್ಷ ಬೆಲೆಯ ಅಸಲಿ ರೈಫಲ್ ಸ್ಕೋಪಿಗಿಂತ ಹತ್ತಿರದ ದೂರಕ್ಕೆ ಹೊಂದಿಸಿದ ಸಾದಾ ಏರ್‌ಗನ್ ಸ್ಕೋಪೇ ವಾಸಿ. ಮುಂದಿನ ಉಂಗುರ ತಿರುಗಿಸಿ 10 ಮೀಟರಿಗೂ ಹೊಂದಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಮಗ ಅಥವಾ ಮಗಳನ್ನು ಶೂಟಿಂಗ್ ತರಬೇತಿಗೆ ಸೇರಿಸುವ ಅಪ್ಪ ಅಮ್ಮಂದಿರೂ ಸ್ಕೋಪ್ ಕೇಳಿಕೊಂಡು ಬರುತ್ತಾರೆ. ಅವರಿಗೆ ದುಡ್ಡು ಉಳಿಸುವ ಸುದ್ದಿ ಇದೆ. ಒಲಿಂಪಿಕ್ಸ್ ಮಾದರಿಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಸಣ್ಣ ತೂತಿನ ಮೂಲಕ ನೋಡುವ ಸೈಟ್ ಮಾತ್ರ. ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಹಾಗೆ ನೋಡಿಕೊಂಡೇ.

ನಕಲಿಗೆ ಬರೋಣ. ಚೀನಾದ ಮಾಲು ಅಂದರೆ ಕಳಪೆ ಅಂತ ಮೂಗು ಮುರಿಯುವುದು ಸರಿಯಲ್ಲ. ಹೆಸರಾಂತ ಕಂಪನಿಗಳ ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳು ಅಲ್ಲೇ ತಯಾರಾಗುತ್ತವೆ, ಚೆನ್ನಾಗಿಯೂ ಇರುತ್ತವೆ. ನಕಲಿಯವನ ಲೆಕ್ಕ ಬೇರೆ. ಅವನು ಮಾರುವುದು ಹೆಸರನ್ನ. ಅದಕ್ಕೆ ಕೊಟ್ಟ ಎರಡು ಸಾವಿರವೂ ಕಣ್ಣಿಗೆ ಕಾಣುವ ಕಡೆಗೇ ಹೋಗುತ್ತದೆ. ಅಚ್ಚು, ಡಬ್ಬ, ಕೆಂಪು ಹಸಿರು ದೀಪ, 6-24×50 ಅನ್ನುವ ಅಂಕಿ, ಜೊತೆಗೊಂದು ಲೇಸರ್. ಒಳಗಿನ ಸ್ಪ್ರಿಂಗಿಗೆ ಏನೂ ಉಳಿಯುವುದಿಲ್ಲ. ಅದೇ ದುಡ್ಡಿಗೆ ಯಾರೂ ಕೇಳದ ಹೆಸರಿನ, ಸಾದಾ 4×32 ಸ್ಕೋಪ್ ನೋಡಿ. ಝೂಮ್ ಇಲ್ಲ, ದೀಪ ಇಲ್ಲ. ಅಲ್ಲಾಡುವ ಭಾಗಗಳೇ ಕಡಿಮೆ. ಹಾಗಾಗಿ ಕೆಡುವುದೂ ಕಡಿಮೆ. ನನ್ನ ಟೇಬಲ್ಲಿಗೆ ರಿಪೇರಿಗೆ ಬರುವುದರಲ್ಲಿ ಝೂಮ್ ಇರುವವೇ ಜಾಸ್ತಿ.

ಲ್ಯೂಪೋಲ್ಡ್ ಅನ್ನುವುದು ಅಮೆರಿಕದ ಆರೆಗನ್ ರಾಜ್ಯದ ಕಂಪನಿ. ತನ್ನ ಹೆಸರಿನ ನಕಲಿ ಸ್ಕೋಪುಗಳ ಬಗ್ಗೆ ಅದೇ ಗ್ರಾಹಕರನ್ನು ಎಚ್ಚರಿಸಿದೆ. ಅವರ ಮೇಲ್ದರ್ಜೆಯ ಅಸಲಿ ಸ್ಕೋಪಿನ ಬೆಲೆ ನಮ್ಮ ಲೆಕ್ಕದಲ್ಲಿ ಲಕ್ಷ ದಾಟುತ್ತದೆ. ಅದನ್ನು ಯಾರಾದರೂ ಎರಡೂವರೆ ಸಾವಿರಕ್ಕೆ ಯಾಕೆ ಕೊಡ್ತಾರೆ ಹೇಳಿ? ಸೀರಿಯಲ್ ನಂಬರ್ ಹುಡುಕಿ, ಕಂಪನಿಗೆ ಬರೆದು ಕೇಳಿ. ಕಾಗದದಲ್ಲಿ ಸ್ಪೆಲಿಂಗ್ ತಪ್ಪಿದೆಯಾ ನೋಡಿ. ಗ್ಯಾರಂಟಿ ಕಾರ್ಡಿನಲ್ಲಿ ಭಾರತದ ವಿಳಾಸ ಇದೆಯಾ ನೋಡಿ.

ಕೊಂಡ ಮೇಲೆ ವಾಪಸ್ ಮಾಡುವ ಗಡುವಿನೊಳಗೆ ಒಂದು ಪರೀಕ್ಷೆ ಮಾಡಿ. ಇದಕ್ಕೆ ಗುಂಡು ಹಾರಿಸುವುದೂ ಬೇಡ. ಸ್ಕೋಪನ್ನು ಅಲ್ಲಾಡದ ಹಾಗೆ ಕಟ್ಟಿ, ದೂರದ ಗೋಡೆಯ ಮೇಲಿನ ಗೀರುಗಳಿರುವ ಕಾಗದಕ್ಕೆ ಹಿಡಿಯಿರಿ. ಮೇಲಕ್ಕೆ ಇಪ್ಪತ್ತು ಕ್ಲಿಕ್, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು. ಅಡ್ಡಗೆರೆ ಹೊರಟ ಚುಕ್ಕೆಗೇ ವಾಪಸ್ ಬರಬೇಕು. ಝೂಮ್ ಇದ್ದರೆ 3ರಿಂದ 9ಕ್ಕೆ ತಿರುಗಿಸಿ. ಅಡ್ಡಗೆರೆ ಗುರುತಿನಿಂದ ಜಾರಬಾರದು. ಆಮೇಲೆ ಬೆಳಗಿನ ಜಾವ ದೇವರಾಯನದುರ್ಗದ ಮಂಜಿಗೆ ಒಮ್ಮೆ ಒಯ್ದು ನೋಡಿ. ಗಾಜಿನ ಹೊರಗೆ ಹಬೆ ಕಟ್ಟಿದರೆ ಸಹಜ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಳಗೆ ಕಟ್ಟಿದರೆ ತೇವ ತಡೆಯಲು ತುಂಬಬೇಕಾದ ನೈಟ್ರೋಜನ್ ತುಂಬಿಸಿಲ್ಲ ಅಥವಾ ಸೋರಿಹೋಗಿದೆ ಅಂತ ಅರ್ಥ. ಅದನ್ನು ಹಾಗೇ ಪ್ಯಾಕ್ ಮಾಡಿ ವಾಪಸ್ ಕಳಿಸಿ.

ಸ್ಕೋಪಿನ ತಪ್ಪು ಅಂತ ನನ್ನ ಹತ್ತಿರ ಬರುವುದರಲ್ಲಿ ಕೆಲವು ಅಸಲಿಗೆ ಮೌಂಟಿನ, ಅಂದರೆ ಸ್ಕೋಪನ್ನು ಗನ್ನಿಗೆ ಕಟ್ಟುವ ಹಿಡಿಕಟ್ಟಿನ ತಪ್ಪು. ಅಗ್ಗದ ಮೌಂಟು ಸ್ಪ್ರಿಂಗ್ ಗನ್ನಿನ ಝಟಕಕ್ಕೆ ಹಿಂದೆ ಹಿಂದೆ ಜಾರುತ್ತದೆ. ಜಾರುತ್ತೆ ಅಂತ ಅಲೆನ್ ಕೀಗೆ ಪೈಪ್ ಹಾಕಿ ಬಿಗಿದರೆ ಕೊಳವೆಗೇ ತಗ್ಗು ಬಿದ್ದು ಒಳಕೊಳವೆ ಸಿಕ್ಕಿಕೊಳ್ಳುತ್ತದೆ. ಒಂದೇ ತುಂಡಿನ ಮೌಂಟ್ ತಗೊಳ್ಳಿ. ಗನ್ನಿನ ತೂತಿಗೆ ಕೂರುವ ತಡೆಮೊಳೆ ಇರುವಂಥದ್ದು ಕೇಳಿ ತಗೊಳ್ಳಿ. ಸ್ಕೋಪಿಗೆ ಐದು ಸಾವಿರ ಇಟ್ಟಿದ್ದರೆ ಅದರಲ್ಲೇ ಒಂದು ಸಾವಿರ ಮೌಂಟಿಗೆ ಎತ್ತಿಡಿ.

ಈಗಾಗಲೇ ನಕಲಿ ಮನೆಗೆ ಬಂದಿದ್ದರೆ ಬಿಸಾಡಬೇಕಾಗಿಲ್ಲ. ಝೂಮನ್ನು 4ಕ್ಕೆ ನಿಲ್ಲಿಸಿ. ಒಂದೇ ದೂರಕ್ಕೆ, 15 ಅಥವಾ 20 ಮೀಟರಿಗೆ, ಝೀರೋ ಮಾಡಿ. ಕೊನೆಯ ಹೊಂದಾಣಿಕೆ ಯಾವಾಗಲೂ ತಿರುಪು ಬಿಗಿಯುವ ದಿಕ್ಕಿನಲ್ಲಿರಲಿ, ಆಗ ಸ್ಪ್ರಿಂಗು ಒತ್ತಿಕೊಂಡು ನಿಲ್ಲುತ್ತದೆ. ಮುಚ್ಚಳ ಹಾಕಿ, ಮತ್ತೆ ಮುಟ್ಟಬೇಡಿ. ಆಮೇಲೂ ಜಾರಿದರೆ ಸ್ಕೋಪ್ ತೆಗೆದಿಟ್ಟು, ಗನ್ನಿನ ಜೊತೆ ಬಂದ ಕಬ್ಬಿಣದ ಸೈಟಿನಲ್ಲೇ ಹೊಡೆಯಿರಿ. ನನ್ನ ಹತ್ತಿರ ರಿಪೇರಿಗೆ ಮಾತ್ರ ತರಬೇಡಿ, ನಾನು ಮುಟ್ಟುವುದಿಲ್ಲ.