ಕೆಂಪು ಮಣ್ಣು ಹಿಡಿದಿಟ್ಟ ರಂಜಕ

ಬೀದರ್ ಕೋಟೆಯ ಕಂದಕದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಿರುವುದು ಒಂದೇ ಕೆಂಪಲ್ಲ ಎಂಬುದು ತಿಳಿಯುತ್ತದೆ. ಒಡೆದ ಜಂಬಿಟ್ಟಿಗೆ ಕಲ್ಲಿನ ಮೈಮೇಲೆ ಕುಂಕುಮದಂಥ ಗಾಢ ಕೆಂಪು, ಅದರ ಮಗ್ಗುಲಲ್ಲೇ ಅರಿಸಿನಕ್ಕೆ ಹತ್ತಿರವಾದ ಹಳದಿ, ಗೆದ್ದಲು ಕೊರೆದಂತಿರುವ ತೂತುಗಳೊಳಗೆ ಬೂದುಬಿಳುಪಿನ ಜೇಡಿ. ಕೆಂಪು ಬಣ್ಣ ಹೆಮಟೈಟ್ ಖನಿಜದ್ದು, ಹಳದಿ ಗೋಥೈಟ್‌ನದ್ದು, ಬಿಳುಪು ಕೇಯೋಲಿನೈಟ್‌ನದ್ದು. ಮೊದಲೆರಡೂ ಕಬ್ಬಿಣದ ಆಕ್ಸೈಡುಗಳು. ಬೀದರ್, ಹುಮನಾಬಾದ್ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಮುಂಗಾರು ಬಿತ್ತನೆಯ ಹೊತ್ತಿಗೆ ಬೀಳುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲಿ ಎಷ್ಟು ರಂಜಕ (ಫಾಸ್ಫರಸ್) ಬೆಳೆಗೆ ಸೇರುತ್ತದೆ, ಎಷ್ಟು ಮಣ್ಣಿನಲ್ಲೇ ಸಿಕ್ಕಿಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಎರಡು ಬಣ್ಣಗಳೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದ ಮೇಲೆ ಹರಿದು ತಣಿದ ಲಾವಾ ಬಸಾಲ್ಟ್ ಶಿಲೆಯಾಯಿತು. ನಮ್ಮ ಭಾಗದ ಎರೆ ಮಣ್ಣಿಗೂ ಬೀದರ್ ದಿಣ್ಣೆಯ ಕೆಂಪು ಮಣ್ಣಿಗೂ ಬಹುಪಾಲು ತಾಯಿ ಅದೇ ಶಿಲೆ. ನೀರು ಸರಾಗವಾಗಿ ಬಸಿದು ಹೋಗುವ ಎತ್ತರದಲ್ಲಿ ಲಕ್ಷಾಂತರ ವರ್ಷಗಳ ಮಳೆ ಸುಣ್ಣ, ಮೆಗ್ನೀಸಿಯಂ, ಸಿಲಿಕಾಗಳನ್ನು ತೊಳೆದುಕೊಂಡು ಹೋಯಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಹಿಂದುಳಿದವು. ಹಾಗೆ ತೊಳೆದುಹೋಗದೆ ಉಳಿದ ತಗ್ಗಿನಲ್ಲಿ ಸುಣ್ಣ ತುಂಬಿದ, ಬೇಸಿಗೆಯಲ್ಲಿ ಬಾಯಿ ಬಿಡುವ ಕಪ್ಪು ಎರೆ ಕೂಡಿತು. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕೆಂಪು ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು 1807ರಲ್ಲಿ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕನನ್. ಅವರು ಅದನ್ನು ಗುರುತಿಸಿದ್ದು ಮಲಬಾರಿನ ಅಂಗಾಡಿಪುರದಲ್ಲಿ. ಅವರ ಗಮನವಿದ್ದದ್ದು ಕಟ್ಟಡದ ಕಲ್ಲಿನ ಮೇಲೆ. ಆ ಕಲ್ಲು ಪುಡಿಯಾಗಿ ಹೊಲವಾದಾಗ ಬೆಳೆಗೆ ಏನಾಗುತ್ತದೆ ಎಂಬ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

ಆ ಪ್ರಶ್ನೆ ಗೊಬ್ಬರದ ಜೊತೆಯಲ್ಲೇ ಬಂದಿತು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರದ ತಯಾರಿಕೆಗೆ ಹಕ್ಕುಪತ್ರ ಪಡೆದರು. 1850ರಲ್ಲಿ ಥಾಮಸ್ ವೇ, ಗೊಬ್ಬರದ ನೀರನ್ನು ಮಣ್ಣಿನ ಮೂಲಕ ಸೋಸಿ, ಪೋಷಕಾಂಶಗಳನ್ನು ಹಿಡಿದುಕೊಳ್ಳುವ ಶಕ್ತಿ ಮಣ್ಣಿಗೆ ಇದೆಯೆಂದು ತೋರಿಸಿದರು. ಅಂದಿನವರಿಗೆ ಇದು ಮಣ್ಣಿನ ಸದ್ಗುಣವಾಗಿ ಕಂಡಿತು, ಅದು ಸಹಜವೂ ಹೌದು: ಹಾಕಿದ್ದು ಮಳೆಗೆ ಕೊಚ್ಚಿಹೋಗದೆ ಉಳಿಯುತ್ತದೆಯಲ್ಲ! ಆದರೆ ಹಿಡಿದುಕೊಂಡದ್ದನ್ನು ಮಣ್ಣು ಮತ್ತೆ ಬಿಟ್ಟುಕೊಡುತ್ತದೆಯೇ ಎಂಬುದು ರಂಜಕದ ವಿಷಯದಲ್ಲಿ ಬೇರೆಯದೇ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರ ಖನಿಜದ ಮೈಮೇಲೆಯೇ ಇದೆ. ಗೋಥೈಟ್ ಕಣಗಳು ಎಷ್ಟು ಸಣ್ಣವೆಂದರೆ ಒಂದೇ ಗ್ರಾಂ ಪುಡಿಯ ಒಟ್ಟು ಮೇಲ್ಮೈ ಹತ್ತಾರು ಚದರ ಮೀಟರ್ ಆಗುತ್ತದೆ. ಆ ಮೇಲ್ಮೈಯುದ್ದಕ್ಕೂ ಕಬ್ಬಿಣಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಗುಂಪುಗಳಿವೆ. ಮಣ್ಣಿನ ರಸಸಾರ (ಪಿಎಚ್) ಆಮ್ಲದ ಕಡೆಗೆ ವಾಲಿದಷ್ಟೂ ಮೇಲ್ಮೈಗೆ ಧನ ವಿದ್ಯುದಾವೇಶ ಬರುತ್ತದೆ, ಋಣ ಆವೇಶದ ಫಾಸ್ಫೇಟ್, ಅಂದರೆ ಮಣ್ಣಿನ ನೀರಿನಲ್ಲಿ ರಂಜಕ ಇರುವ ರೂಪ, ಅದರ ಬಳಿಗೆ ಎಳೆಯಲ್ಪಡುತ್ತದೆ. ಇಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ, ಏಕೆಂದರೆ ಬರಿಯ ಆಕರ್ಷಣೆಯಿಂದ ಅಂಟಿದ್ದನ್ನು ಬೇರು ಬಿಡಿಸಿಕೊಳ್ಳಬಲ್ಲದು. ಆದರೆ ಫಾಸ್ಫೇಟ್ ಅಲ್ಲಿದ್ದ ಹೈಡ್ರಾಕ್ಸಿಲ್ ಗುಂಪುಗಳನ್ನು ಹೊರದೂಡಿ, ತನ್ನ ಎರಡು ಆಕ್ಸಿಜನ್ ಪರಮಾಣುಗಳ ಮೂಲಕ ಅಕ್ಕಪಕ್ಕದ ಎರಡು ಕಬ್ಬಿಣದ ಪರಮಾಣುಗಳನ್ನು ಎರಡು ಕೈಯಿಂದ ಹಿಡಿದಂತೆ ಬಿಗಿಯಾಗಿ ಹಿಡಿಯುತ್ತದೆ. ಇಂಥ ಜೋಡಿ ಬಂಧವನ್ನು ಪಾರ್ಫಿಟ್ ಮತ್ತು ಸಂಗಡಿಗರು 1975ರಲ್ಲಿ ಅವಕೆಂಪು ಕಿರಣಗಳ ಅಧ್ಯಯನದಿಂದ ವಿವರಿಸಿದರು. ಮೊದಲ ಹಿಡಿತ ಕೆಲವೇ ಗಂಟೆಗಳಲ್ಲಿ ಆಗಿಹೋಗುತ್ತದೆ; ಆಮೇಲೆ ವಾರ, ತಿಂಗಳುಗಟ್ಟಲೆ ರಂಜಕ ಕಣಗಳ ನಡುವಣ ಸಂದುಗಳೊಳಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಹಾಕಿದ ರಂಜಕದಲ್ಲಿ ಮೊದಲ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಮಾತ್ರ ಎಂದು ಕೃಷಿ ವಿಜ್ಞಾನಿಗಳು ಹೇಳುವುದರ ಹಿಂದೆ ಇರುವುದು ಇಂಥ ಹಿಡಿತವೇ.

ಕಲಬುರಗಿಯ ಎರೆಯಲ್ಲೂ ರಂಜಕ ಸಿಕ್ಕಿಬೀಳುತ್ತದೆ, ಆದರೆ ಬೇರೆ ಬೀಗದಲ್ಲಿ. ಅಲ್ಲಿ ರಸಸಾರ 8ರ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರುವುದರಿಂದ ಸುಣ್ಣವೇ ಅದನ್ನು ಹಿಡಿದು, ಬರಬರುತ್ತಾ ಕರಗುವುದು ಕಷ್ಟವಾದ ಕ್ಯಾಲ್ಸಿಯಂ ಫಾಸ್ಫೇಟುಗಳಾಗಿ ಮಾರ್ಪಡಿಸುತ್ತದೆ. ಎರಡು ಬೀಗಗಳಿಗೆ ಎರಡು ಕೀಲಿಗಳು ಬೇಕೆಂಬುದು ಪ್ರಯೋಗಾಲಯಗಳಿಗೂ ತಡವಾಗಿಯೇ ತಿಳಿಯಿತು. 1945ರಲ್ಲಿ ಬ್ರೇ ಮತ್ತು ಕರ್ಟ್ಜ್ ರೂಪಿಸಿದ ಪರೀಕ್ಷೆ ಆಮ್ಲೀಯ ಮಣ್ಣಿಗೆ ಒಪ್ಪುತ್ತದೆ. 1954ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಸೋಡಿಯಂ ಬೈಕಾರ್ಬನೇಟ್ ದ್ರಾವಣದಿಂದ ಮಾಡಿದ ಪರೀಕ್ಷೆ ಸುಣ್ಣದ ಮಣ್ಣಿಗೆಂದೇ ಹುಟ್ಟಿದ್ದು. ಕಬ್ಬಿಣಕ್ಕೆ, ಅಲ್ಯೂಮಿನಿಯಂಗೆ, ಸುಣ್ಣಕ್ಕೆ ಕಟ್ಟಿಕೊಂಡ ರಂಜಕವನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಕ್ರಮವನ್ನು 1957ರಲ್ಲಿ ಚಾಂಗ್ ಮತ್ತು ಜಾಕ್ಸನ್ ಕೊಟ್ಟರು. ಬಿದರಿ ಕಸುಬಿನವರು ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ಗುಣ ಹೇಳುತ್ತಾರೆ. ರೈತನಿಗೆ ರಂಜಕದ ರುಚಿ ಹೇಳುವ ನಾಲಿಗೆ ಈ ಪರೀಕ್ಷೆಯೇ ಆದ್ದರಿಂದ, ಮಣ್ಣಿನ ವರದಿ ಕೈಗೆ ಬಂದಾಗ ಯಾವ ವಿಧಾನದಲ್ಲಿ ಅಳೆದಿರಿ ಎಂದು ಕೇಳುವುದು ಅವನ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಈ ಕಥೆಯಲ್ಲಿ ನಮ್ಮ ತೊಗರಿಗೆ ದೊಡ್ಡ ಪಾತ್ರವಿದೆ, ಅದು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಬೀದರ್‌ನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ (ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ) ಸಂಸ್ಥೆ 1972ರಲ್ಲಿ ಆರಂಭವಾಯಿತು. ಒಂದೇ ಆವರಣದಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಇರುವುದು ಅದರ ಭಾಗ್ಯ. ಅಲ್ಲಿ ನೊರಿಹಾರು ಏ ಮತ್ತು ಸಂಗಡಿಗರು, ರಂಜಕ ಕಡಿಮೆಯಿದ್ದ ಕೆಂಪು ಮಣ್ಣಿನಲ್ಲಿ ಜೋಳ, ಸೋಯಾ ಮುಂತಾದವು ಸೊರಗಿದಾಗಲೂ ತೊಗರಿ ತಾಳಿಕೊಂಡು ಬೆಳೆಯುವುದನ್ನು ಗಮನಿಸಿದರು. ತೊಗರಿಯ ಬೇರು ಪಿಸಿಡಿಕ್ ಆಮ್ಲವೆಂಬ ರಸವನ್ನು ಒಸರಿಸುತ್ತದೆ; ಅದು ಕಬ್ಬಿಣವನ್ನು ತಾನು ಹಿಡಿದುಕೊಂಡು, ಅದರ ಹಿಡಿತದಲ್ಲಿದ್ದ ರಂಜಕವನ್ನು ಬಿಡಿಸುತ್ತದೆ. 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಿವರಣೆ ಪ್ರಕಟವಾಯಿತು. ಹೀಗೆ ಬಿಡುಗಡೆಯಾದ ರಂಜಕದ ಒಂದು ಪಾಲು ಉದುರಿದ ಎಲೆ, ಉಳಿದ ಬೇರುಗಳ ಮೂಲಕ ಮುಂದಿನ ಬೆಳೆಗೂ ದಕ್ಕುತ್ತದೆ. 'ಗುಲ್ಬರ್ಗಾ ತೊಗರಿ'ಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟದ್ದು ಎರೆಯ ತೊಗರಿಗಾಗಿ. ಆದರೆ ಕಬ್ಬಿಣದ ಬೀಗ ತೆಗೆಯುವ ಈ ವಿದ್ಯೆ ಅದಕ್ಕೆ ಹೆಚ್ಚಾಗಿ ಬೇಕಾಗುವುದು ಮಸಾರಿಯಲ್ಲಿ.

ಇನ್ನು ಗೊಬ್ಬರದ ಚೀಲದ ಮಾತು. 1992ರಲ್ಲಿ ಕೇಂದ್ರ ಸರ್ಕಾರ ರಂಜಕದ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆಯಿತು, ಯೂರಿಯಾ ಮಾತ್ರ ನಿಯಂತ್ರಣದಲ್ಲೇ ಉಳಿಯಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು, 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು. 50 ಕೆ.ಜಿ.ಯ ಡಿಎಪಿ ಚೀಲದಲ್ಲಿ ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ 23 ಕೆ.ಜಿ. ಇರುತ್ತದೆ. ಅದರ ಕಚ್ಚಾವಸ್ತುವಿನ ಬಹುಪಾಲು ಹೊರದೇಶಗಳಿಂದ ಬರುತ್ತದೆ. ಅಷ್ಟು ದೂರದಿಂದ ಬಂದದ್ದನ್ನು ಮಸಾರಿ ಹೊಲದ ಮೇಲೆಲ್ಲ ಎರಚಿದರೆ ಪ್ರತಿ ಕಾಳೂ ಸುತ್ತಲಿನ ಕಬ್ಬಿಣದ ಬಾಯಿಗೆ ಬೀಳುತ್ತದೆ. ಕೂರಿಗೆಯಲ್ಲಿ ಬೀಜದ ಸಾಲಿಗೆ ತುಸು ಕೆಳಗೆ, ಪಕ್ಕಕ್ಕೆ ಒಂದೇ ಗೆರೆಯಾಗಿ ಬಿಟ್ಟರೆ ಮಣ್ಣಿನ ಸಂಪರ್ಕ ಕಡಿಮೆಯಾಗಿ ಬೇರಿಗೆ ಸಿಗುವ ಪಾಲು ಹೆಚ್ಚುತ್ತದೆ. ಕಳಿತ ತಿಪ್ಪೆ ಗೊಬ್ಬರ ಜೊತೆಗಿದ್ದರೆ ಅದರ ಸಾವಯವ ಆಮ್ಲಗಳು ರಂಜಕ ಕೂರಬೇಕಾದ ಜಾಗಗಳಲ್ಲಿ ತಾವೇ ಹೋಗಿ ಕೂರುತ್ತವೆ.

ಯಾದಗಿರಿಯ ಸುರಪುರ, ಶಹಾಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಇದರ ಇನ್ನೊಂದು ಮುಖ ಪರಿಚಯವಾಗಬೇಕು. ಗದ್ದೆಯಲ್ಲಿ ನೀರು ನಿಂತಾಗ ಗಾಳಿಯಿಲ್ಲದ ಮಣ್ಣಿನ ಸೂಕ್ಷ್ಮಜೀವಿಗಳು ಕಬ್ಬಿಣದ ಆಕ್ಸೈಡನ್ನೇ ಉಸಿರಾಟಕ್ಕೆ ಬಳಸಿ ಕರಗಿಸುತ್ತವೆ, ಅದು ಹಿಡಿದಿದ್ದ ರಂಜಕ ಭತ್ತಕ್ಕೆ ಸಿಗುತ್ತದೆ. ಭತ್ತ ಕೊಯ್ದು ಗದ್ದೆ ಒಣಗಿದ ಮೇಲೆ ಅದೇ ಕಬ್ಬಿಣ ಹೊಸದಾಗಿ, ಮೊದಲಿಗಿಂತ ಹೆಚ್ಚು ಮೇಲ್ಮೈಯುಳ್ಳ ಸಣ್ಣ ಕಣಗಳಾಗಿ ಕೂಡಿ ರಂಜಕವನ್ನು ಮತ್ತೆ ಬಿಗಿಯುತ್ತದೆ. ಆದ್ದರಿಂದ ಭತ್ತಕ್ಕೆ ರಂಜಕ ತುಸು ಕಡಿಮೆ ಹಾಕಿದರೂ ನಡೆಯುವ ಗದ್ದೆಯಲ್ಲಿ, ಅದರ ಹಿಂದೆಯೇ ಬಿತ್ತುವ ಶೇಂಗಾ ಅಥವಾ ಜೋಳಕ್ಕೆ ಸಾಲಿನಲ್ಲಿ ರಂಜಕ ಕೊಡಲೇಬೇಕಾಗುತ್ತದೆ.