ವಿಜಯಪುರದ ಬಿಸಿಲಿನಲ್ಲಿ ಕಡಲ ಹೂವು

ಉಪ್ಪುನೀರಿನ ಅಕ್ವೇರಿಯಂ ಜೋಡಿಸಿ ನೋಡಿಕೊಳ್ಳುವ ನನ್ನ ಬಳಿಗೆ ವಿಜಯಪುರ, ಬಾಗಲಕೋಟೆಗಳಿಂದ ಹೊಸದಾಗಿ ಬರುವವರು ಕೇಳುವುದು ಸಾಮಾನ್ಯವಾಗಿ ಒಂದನ್ನೇ: ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನಿನ ಜೋಡಿ, ಅದು ಹೊಕ್ಕು ಮಲಗಲು ಒಂದು ಕಡಲ ಹೂವು, ಅಂದರೆ ಅನೆಮೊನಿ. ಎರಡನ್ನೂ ಒಂದೇ ದಿನ ತಂದು ಬಿಡಬೇಕೆಂಬ ಅವರ ಅವಸರಕ್ಕೆ ನಾನು ಒಪ್ಪುವುದಿಲ್ಲ. ಟ್ಯಾಂಕಿನ ನೀರು ಹದಗೊಂಡ ಮೇಲೆ, ಅಂದರೆ ಒಂದೂವರೆ ತಿಂಗಳಿಗೆ ಮೀನು ಬರಲಿ; ಅನೆಮೊನಿಗೆ ಆರು ತಿಂಗಳಾದರೂ ಕಾಯಬೇಕು. ಮೀನು ಗಟ್ಟಿ ಜೀವ. ಅದನ್ನು ಬೇಟೆಯಾಡುವವರಿಲ್ಲದ ಟ್ಯಾಂಕಿನಲ್ಲಿ ಅನೆಮೊನಿಯ ಆಸರೆ ಇಲ್ಲದೆಯೂ ಹತ್ತು ವರ್ಷ ಬಾಳಬಲ್ಲದು. ಅನೆಮೊನಿಯಾದರೋ ಹೂವೆಂದು ಕರೆಸಿಕೊಂಡರೂ ಪ್ರಾಣಿ. ಅದರ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಲ್ಲಿ ತಯಾರಿಸುವ ಆಹಾರವೇ ಅದಕ್ಕೆ ಮುಖ್ಯ ಆಧಾರವಾಗಿದ್ದು, ನೀರು ದಿನಗಟ್ಟಲೆ ಬಿಸಿಯಾಗಿಯೇ ಉಳಿದರೆ ಆ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಂಡು ಸೊರಗುತ್ತದೆ.

ನಮ್ಮ ಭಾಗದ ಮೊದಲ ತೊಡಕು ನೀರು. ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಯಾರೂ ಬಳಸುವುದಿಲ್ಲ. ಮೋಸ ಹೋಗುವುದು ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನಿನಲ್ಲಿ. ಕುಡಿಯಲು ಅದು ಚೆನ್ನಾಗಿರುತ್ತದೆ. ಆದರೆ ರುಚಿಗಾಗಿ ಅದರಲ್ಲಿ ಒಂದಿಷ್ಟು ಲವಣಾಂಶವನ್ನು ಉಳಿಸಿರುತ್ತಾರೆ, ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಕಣ್ಣಿಗೆ ಬೀಳುತ್ತದೆ. ನಮಗೆ ಬೇಕಾದದ್ದು ಆರ್‌ಓ ಆದ ಬಳಿಕ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಎಂಬ ಹರಳುಗಳ ಮೂಲಕ ಹಾಯಿಸಿದ, ಮೀಟರ್ ಸೊನ್ನೆ ತೋರಿಸುವ ನೀರು. ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪನ್ನು ಬೆರೆಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ.

ಉಪ್ಪಿನ ವಿಷಯದಲ್ಲಿ ನಾನು ಕಂಡ ಒಂದು ಅನಾಹುತವನ್ನು ಲೆಕ್ಕ ಸಮೇತ ಹೇಳಬೇಕು. ಮೇ ತಿಂಗಳಿನಲ್ಲಿ 200 ಲೀಟರಿನ ಒಂದು ಟ್ಯಾಂಕಿನಿಂದ ದಿನಕ್ಕೆ 4 ಲೀಟರ್ ನೀರು ಆರುತ್ತಿತ್ತು. ಮನೆಯವರು ಶ್ರದ್ಧೆಯಿಂದ ಪ್ರತಿದಿನ ಅಷ್ಟೇ ಉಪ್ಪುನೀರನ್ನು ತುಂಬಿಸುತ್ತಿದ್ದರು. ಆರಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ದಿನಕ್ಕೆ 140 ಗ್ರಾಂನಂತೆ ಹತ್ತು ದಿನಗಳಲ್ಲಿ 1400 ಗ್ರಾಂ ಹೆಚ್ಚುವರಿ ಉಪ್ಪು ಸೇರಿ, ಲೀಟರಿಗೆ 35 ಇದ್ದದ್ದು 42ಕ್ಕೆ ಏರಿತ್ತು. ಮೀನು ಹೇಗೋ ತಡೆದುಕೊಂಡಿತ್ತು, ಅನೆಮೊನಿ ಮುದುಡಿ ಮೂಲೆ ಸೇರಿತ್ತು. ಆರಿದ ಜಾಗಕ್ಕೆ ಯಾವಾಗಲೂ ಉಪ್ಪು ಬೆರೆಸದ ಆರ್‌ಓ-ಡಿಐ ನೀರನ್ನೇ ಸೇರಿಸಬೇಕು, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಇನ್ನು ಬಿಸಿಲು. ಹೊರಗೆ 40 ಡಿಗ್ರಿ ದಾಟಿದಾಗಲೂ ನೀರು 25ರಿಂದ 27 ಡಿಗ್ರಿಯೊಳಗೆ ಇರಬೇಕಾದರೆ ನೀರು ತಂಪಾಗಿಸುವ ಯಂತ್ರ, ಅಂದರೆ ಚಿಲ್ಲರ್ ಇದ್ದರೆ ನಿಶ್ಚಿಂತೆ, ಆದರೆ ಅದರ ಬೆಲೆ ಕೇಳಿ ಅನೇಕರು ಹಿಂದೆ ಸರಿಯುತ್ತಾರೆ. ನಮ್ಮ ಒಣಹವೆ ಇಲ್ಲಿ ಉಪಕಾರಿ. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಒಂದು ಸಣ್ಣ ಫ್ಯಾನ್ ನೀರನ್ನು ಆರಿಸುತ್ತ, ಮಣ್ಣಿನ ಗಡಿಗೆ ನೀರನ್ನು ತಂಪಾಗಿಸುವ ರೀತಿಯಲ್ಲಿಯೇ ಮೂರು ಡಿಗ್ರಿಯಷ್ಟು ಇಳಿಸಿಬಿಡುತ್ತದೆ. ತೇವ ತುಂಬಿದ ಮಂಗಳೂರಿನಲ್ಲಿ ಅದೇ ಫ್ಯಾನಿನಿಂದ ಇಷ್ಟು ಲಾಭ ಸಿಗದು. ನಡುಬೇಸಿಗೆಯಲ್ಲಿ ಕೋಣೆಯೇ ಕಾದಿದ್ದರೆ ಮಾತ್ರ ಫ್ಯಾನ್ ಒಂದೇ ಸಾಲದು, ಟ್ಯಾಂಕನ್ನು ಮನೆಯ ಅತಿ ತಂಪಾದ ಒಳಕೋಣೆಯಲ್ಲಿ ಇಡಬೇಕು, ಇಲ್ಲವೇ ಎಸಿ ಬೇಕು. ಮುಚ್ಚಳದ ಬದಲು ಬಲೆ ಹೊದಿಸಿ, ಏಕೆಂದರೆ ಕ್ಲೌನ್ ಮೀನು ಜಿಗಿಯುತ್ತದೆ. ಕರೆಂಟ್ ಹೋದಾಗ ಇನ್ವರ್ಟರಿನಿಂದ ಮೊದಲು ನಡೆಸಬೇಕಾದದ್ದು ನೀರು ಕದಡಿ ಆಮ್ಲಜನಕ ಬೆರೆಯುವಂತೆ ಮಾಡುವ ಪವರ್‌ಹೆಡ್ ಎಂಬ ಪಂಪು. ದೀಪ ಕೆಲವು ಗಂಟೆ ಇಲ್ಲದಿದ್ದರೂ ನಡೆಯುತ್ತದೆ, ಆಮ್ಲಜನಕ ಇಲ್ಲದಿದ್ದರೆ ನಡೆಯುವುದಿಲ್ಲ.

ಅನೆಮೊನಿಗಳಲ್ಲಿ ಮನೆಗೆ ಹೊಂದುವುದು ಬಬಲ್ ಟಿಪ್. ಕಾರ್ಪೆಟ್ ಜಾತಿ ನೋಡಲು ಭವ್ಯ, ಆದರೆ ಜೊತೆಗಿರುವ ಬೇರೆ ಸಣ್ಣ ಮೀನುಗಳನ್ನು ಹಿಡಿದು ನುಂಗುತ್ತದೆ. ಬಬಲ್ ಟಿಪ್ ಕೂಡ ಬಿಟ್ಟ ಜಾಗದಲ್ಲಿ ಕೂರುವುದಿಲ್ಲ. ಬೆಳಕು, ನೀರಿನ ಸೆಳೆತ ಹಿಡಿಸುವವರೆಗೆ ತೆವಳುತ್ತಲೇ ಇರುತ್ತದೆ. ಈ ಅಲೆದಾಟದಲ್ಲಿ ಪವರ್‌ಹೆಡ್‌ಗೆ ಸಿಕ್ಕಿ ಚೂರಾದ ಅನೆಮೊನಿಗಳನ್ನು ನಾನು ಎತ್ತಿ ಹಾಕಿದ್ದೇನೆ, ಆದ್ದರಿಂದ ಅದನ್ನು ಬಿಡುವ ಮೊದಲೇ ಪಂಪಿನ ಬಾಯಿಗೆ ಸ್ಪಂಜ್ ತೊಡಿಸಿಡಿ. ಸಾಮಾನ್ಯ ಅಂಗಡಿ ಕ್ಲೌನ್, ಅಂದರೆ ಆಸೆಲ್ಲಾರಿಸ್, ಸಮುದ್ರದಲ್ಲಿ ಬಬಲ್ ಟಿಪ್‌ನಲ್ಲಿ ವಾಸಿಸುವ ಜಾತಿಯಲ್ಲ. ಟ್ಯಾಂಕಿನಲ್ಲಿ ಹೆಚ್ಚಾಗಿ ಒಪ್ಪಿಕೊಳ್ಳುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅತ್ತ ತಿರುಗಿಯೂ ನೋಡುವುದಿಲ್ಲ, ಒತ್ತಾಯಿಸಲು ಬರುವುದಿಲ್ಲ. ಒಪ್ಪಿದಾಗ ನೋಡಬೇಕು: ಮೊದಲು ಬಾಲದ ತುದಿಯನ್ನು, ಆಮೇಲೆ ಹೊಟ್ಟೆಯನ್ನು ಅನೆಮೊನಿಯ ಬೆರಳಿನಂಥ ಕುಟುಕುವ ಎಳೆಗಳಿಗೆ ತಾಗಿಸಿ ತಾಗಿಸಿ ಹಿಂದೆ ಸರಿಯುತ್ತದೆ, ಮೈಯ ಲೋಳೆಗೆ ಕುಟುಕು ರೂಢಿಯಾಗುತ್ತಲೇ ಪೂರ್ತಿ ಒಳಗೆ ಮುಳುಗುತ್ತದೆ. ಜೋಡಿಗಾಗಿ ಎರಡು ಮರಿಗಳನ್ನು ತಂದರೆ ಸಾಕು, ಮೇಲುಗೈ ಸಾಧಿಸಿದ್ದು ದೊಡ್ಡದಾಗಿ ಬೆಳೆದು ಹೆಣ್ಣಾಗುತ್ತದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಉತ್ಪಾದನಾ ತಂತ್ರವನ್ನು ನಮ್ಮ ದೇಶದಲ್ಲಿಯೇ ರೂಪಿಸಿರುವುದರಿಂದ, ಸಾಕಿ ಬೆಳೆಸಿದ ಮರಿಯನ್ನೇ ಕೇಳಿ ಪಡೆಯಿರಿ.

"ಸರ, ಹೂವು ಪೂರಾ ಬಾಡೇತ್ರಿ, ತಗದ ಒಗೀಲೇನ್ರಿ?" ಎಂದು ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ. ಹೊಲಸು ಹೊರಹಾಕುವಾಗ ಅನೆಮೊನಿ ಗಾಳಿ ಬಿಟ್ಟ ಬುಗ್ಗೆಯಂತೆ ಕುಗ್ಗುವುದು ಸಹಜ, ಬೆಳಗಾಗುವಷ್ಟರಲ್ಲಿ ಮತ್ತೆ ಉಬ್ಬಿರುತ್ತದೆ. ಆದರೆ ಬಾಯಿ ಅಗಲವಾಗಿ ತೆರೆದೇ ಉಳಿದು, ಬುಡ ಕಲ್ಲಿನ ಹಿಡಿತ ಬಿಟ್ಟು, ಮೆಲ್ಲಗೆ ಎತ್ತಿದರೆ ಎಳೆಎಳೆಯಾಗಿ ಕಿತ್ತು ಬಂದು ಕೊಳೆತ ವಾಸನೆ ಹೊಡೆದರೆ ಬೆಳಗಿನವರೆಗೆ ಕಾಯಬಾರದು. ಆಗಲೇ ಹೊರತೆಗೆದು, ಕಾಲು ಭಾಗ ನೀರು ಬದಲಿಸಿ, ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿದರೆ ಮೀನುಗಳಾದರೂ ಉಳಿಯುತ್ತವೆ.