ಬಂಡೆ ಕೊರೆದ ಚರ್ಚಿಗೆ ಕಂಬ ಯಾಕೆ?

ಪ್ರಶ್ನೆ: ಇಥಿಯೋಪಿಯಾದ ಲಾಲಿಬೆಲಾ, ಟರ್ಕಿಯ ಕಪಡೋಕಿಯಾ ಚರ್ಚುಗಳ ಫೋಟೋ ನೋಡಿದೆ. ಎಲ್ಲವನ್ನೂ ಬಂಡೆಯಲ್ಲೇ ಕೊರೆದಿದ್ದಾರೆ. ಮೇಲೆ ಹೊದಿಸಿದ ಸೂರೇ ಇಲ್ಲ ಅಂದಮೇಲೆ ಕಂಬ, ಕಮಾನು, ಗುಮ್ಮಟ ಯಾಕೆ ಬೇಕಿತ್ತು?

ಉತ್ತರ: ಒಳ್ಳೆ ಅನುಮಾನ. ಕಟ್ಟಿದ ಮನೆಯಲ್ಲಿ ಸೂರಿನ ಭಾರ ತೊಲೆಗೆ, ತೊಲೆಯ ಭಾರ ಕಂಬಕ್ಕೆ. ಕೊರೆದ ಚರ್ಚಿನಲ್ಲಿ ಕಂಬ ಅಂದರೆ ಕೊರೆಯದೆ ಉಳಿಸಿದ ಕಲ್ಲು, ಅಷ್ಟೇ. ಅದನ್ನು ಯಾರೂ ತಂದು ನಿಲ್ಲಿಸಿದ್ದಲ್ಲ.

ಕಪಡೋಕಿಯಾದ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಕೊರೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಮೈ ಬಿಗಿಯುತ್ತದೆ. ಅಲ್ಲಿನ ಕೆಲವು ಚರ್ಚುಗಳಲ್ಲಿ ಕಂಬ ಮುರಿದು ಹೋಗಿದೆ. ಕಂಬದ ತಲೆ ಮಾತ್ರ ಸೂರಿಗೆ ಅಂಟಿಕೊಂಡು ನೇತಾಡುತ್ತಿದೆ, ಮೇಲಿನ ಕಮಾನು ಅಲುಗಿಲ್ಲ. ಕಟ್ಟಿದ ಚರ್ಚಾಗಿದ್ದರೆ ಕಂಬದ ಹಿಂದೆಯೇ ಕಮಾನೂ ಬರುತ್ತಿತ್ತು, ಅಲ್ವಾ?

ಹಾಗಂತ ಎಲ್ಲ ಕಂಬವೂ ಸುಮ್ನೆ ನಿಂತಿದೆ ಅನ್ನುವಂತಿಲ್ಲ. ಕಲ್ಲು ಒತ್ತಿದರೆ ಚೆನ್ನಾಗಿ ತಾಳುತ್ತದೆ, ಬಾಗಿಸಿದರೆ ಬಿರುಕು ಬಿಡುತ್ತದೆ. ಒಳಗಿನ ಅಗಲ ಜಾಸ್ತಿಯಾದಷ್ಟೂ ಸೂರಿನ ನಡುಭಾಗಕ್ಕೆ ಅಪಾಯ. ಲಾಲಿಬೆಲಾದ ಅತಿ ದೊಡ್ಡ ಚರ್ಚು ಬೆತೆ ಮೆಧಾನೆ ಅಲೆಮ್ ಸುಮಾರು 33 ಮೀಟರ್ ಉದ್ದ, 23 ಮೀಟರ್ ಅಗಲ ಇದೆ. ಅಂಥ ಕಡೆ ನಡುವೆ ಅಲ್ಲಲ್ಲಿ ಕಲ್ಲು ಉಳಿಸದೆ ವಿಧಿಯಿಲ್ಲ. ಆದರೆ ಒರಟು ದಿಮ್ಮಿ ಉಳಿಸಿದ್ದರೂ ಸಾಕಿತ್ತು. ಅದನ್ನು ತಿದ್ದಿ ತೀಡಿ ಚೌಕ ಕಂಬ ಮಾಡಿ, ಕಮಾನು ಬೇರೆ ಬಿಡಿಸಿದರಲ್ಲ, ಅದಕ್ಕೆ ಕಾರಣ ಭಾರ ಅಲ್ಲ.

ಕಾರಣ ಕಣ್ಣಿನ ಅಭ್ಯಾಸ. ಚರ್ಚು ಅಂದರೆ ಹೀಗಿರಬೇಕು ಅಂತ ಜನರ ಮನಸ್ಸಿನಲ್ಲಿ ಮೊದಲೇ ಕೂತಿತ್ತು. 11ನೇ ಶತಮಾನದ ಬೈಜಾಂಟಿಯನ್ ಸೀಮೆಯಲ್ಲಿ (ಕಪಡೋಕಿಯಾವೂ ಸೇರಿದ್ದ ಪೂರ್ವ ರೋಮನ್ ಸಾಮ್ರಾಜ್ಯ) ಹಾಗಂದರೆ ನಾಲ್ಕು ಕಂಬ, ನಡುವೆ ಗುಮ್ಮಟ, ಪೂರ್ವಕ್ಕೆ ಅರ್ಧ ದುಂಡಗಿನ ಗೂಡಿನಲ್ಲಿ ಬಲಿಪೀಠ. ಕಪಡೋಕಿಯಾದ ಗೋರೆಮೆಯಲ್ಲಿ ಕೊರೆದದ್ದೂ ಅದನ್ನೇ. ಅಲ್ಲಿನ ಸಂತ ಬಾರ್ಬರಾ ಚರ್ಚಿನಲ್ಲಂತೂ ಗೋಡೆಯ ಮೇಲೆ ಕೆಂಪು ಗೆರೆ ಎಳೆದು, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಾಗೆ ತೋರಿಸಿದ್ದಾರೆ. ಒಂದೇ ಬಂಡೆಗೆ ಸಂದಿನ ಗೆರೆ! ನನಗೆ ಅಲ್ಲಿನ ವರ್ಣಚಿತ್ರಗಳಿಗಿಂತ ಈ ಗೆರೆಗಳೇ ಹೆಚ್ಚು ಇಷ್ಟ.

ಲಾಲಿಬೆಲಾದಲ್ಲಿ ಇದು ಇನ್ನೂ ಮಜವಾಗಿದೆ. ಅಲ್ಲಿನ ಚರ್ಚುಗಳಿಗಿಂತ ಎಷ್ಟೋ ಶತಮಾನ ಮೊದಲು ಇಥಿಯೋಪಿಯಾದ ಹಳೇ ಅಕ್ಸುಮ್ ರಾಜ್ಯದವರು ಕಲ್ಲು-ಮಣ್ಣಿನ ಗೋಡೆಯ ನಡುನಡುವೆ ಉದ್ದಕ್ಕೆ ಮರದ ತೊಲೆ ಇಡುತ್ತಿದ್ದರು. ಆ ತೊಲೆಗಳನ್ನು ಬಿಗಿಯಲು ಅಡ್ಡಕ್ಕೆ ಗಿಡ್ಡ ತುಂಡು. ಆ ತುಂಡಿನ ತುದಿ ಗೋಡೆಯಿಂದ ಹೊರಗೆ ಮೂತಿ ಚಾಚಿರುತ್ತಿತ್ತು. ಅದಕ್ಕೆ ‘ಕೋತಿ ತಲೆ’ ಅಂತಲೇ ಹೆಸರು. ನಿಜವಾದ ಮರದ ಕೋತಿ ತಲೆ ಉತ್ತರ ಇಥಿಯೋಪಿಯಾದ ಟಿಗ್ರೆಯ ದೆಬ್ರೆ ದಾಮೊ ಮಠದ ಚರ್ಚಿನಲ್ಲಿದೆ. ಹಗ್ಗ ಹಿಡಿದು ಬಂಡೆ ಹತ್ತಬೇಕು, ಅದೂ ಗಂಡಸರಿಗೆ ಮಾತ್ರ ಪ್ರವೇಶ. ಲಾಲಿಬೆಲಾದ ಬೆತೆ ಅಮಾನುಯೆಲ್‌ನಲ್ಲಿ ಇಡೀ ಹೊರಗೋಡೆಯನ್ನೇ ಒಂದು ಪಟ್ಟಿ ಒಳಗೆ, ಒಂದು ಪಟ್ಟಿ ಹೊರಗೆ ಬರುವಂತೆ ಕೆತ್ತಿದ್ದಾರೆ. ಮರ ಒಂದು ಸಾಲು, ಕಲ್ಲು ಒಂದು ಸಾಲು ಅನ್ನುವ ಆ ಹಳೇ ಗೋಡೆಯ ನಕಲು ಅದು.

ಇದೇನೂ ಅವರೊಬ್ಬರ ಚಾಳಿಯಲ್ಲ. ನಮ್ಮ ಬಾದಾಮಿಯ 3ನೇ ಗುಹೆಯನ್ನು ಕೊರೆದದ್ದು 578ರಲ್ಲಿ. ಅದರ ಪಡಸಾಲೆಯಲ್ಲಿ ತಲೆ ಎತ್ತಿದರೆ ಕಂಬದಿಂದ ಗೋಡೆಗೆ ತೊಲೆಗಳು ಹಾದುಹೋಗಿವೆ. ಅವೂ ಬಂಡೆಯೇ.

ನೀವು ನೋಡಿದ ಫೋಟೋ ಬಹುಶಃ ಶಿಲುಬೆ ಆಕಾರದ ಬೆತೆ ಗಿಯೋರ್ಗಿಸ್‌ನದು. ನೆಲದಲ್ಲಿ ಸುತ್ತ ಕಂದಕ ತೋಡಿ, ಮೇಲಿನಿಂದ ಕೆಳಕ್ಕೆ ಸುಮಾರು 12 ಮೀಟರ್ ಕೆತ್ತುತ್ತಾ ಇಳಿದದ್ದು. ಅದರ ಕೆಳಸಾಲಿನ ಕಿಟಕಿಗಳನ್ನು ದೊಡ್ಡದು ಮಾಡಿ ನೋಡಿ. ಚೌಕಟ್ಟಿನ ಮೂಲೆಗಳಲ್ಲಿ ಕೋತಿ ತಲೆ ಕಾಣುತ್ತದೆ. ಕಿಟಕಿ ಮಾತ್ರ ತೂತಿಲ್ಲದ್ದು. ಒಳಗೆ ಬೆಳಕು ಬರುವುದು ಮೇಲಿನ ಸಾಲಿನಿಂದ.